ಬಿಸಿ ಬೇಕು, ಉರಿ ಬೇಡ

ಪೆಂಟಿಯಂ ಹೆಸರಿಗೆ 20 ವರ್ಷ ತುಂಬಿದ ಖುಷಿಗೆ ಇಂಟೆಲ್‌ನವರು 2014ರಲ್ಲಿ ಜಿ3258 ಎಂಬ ಅಗ್ಗದ ಪ್ರೊಸೆಸರನ್ನು ಬೀಗ ತೆಗೆದೇ ಮಾರಿದರು, ಬೇಕಾದವರು ವೇಗ ಏರಿಸಿಕೊಳ್ಳಲಿ ಎಂದು. ನನ್ನದೂ ಅದೇ, ಸೆಕೆಂಡ್ ಹ್ಯಾಂಡು. ಚನ್ನಪಟ್ಟಣದಲ್ಲಿ ಕೂತು ಮಾರ್ಕ್ಸ್‌ಕಾರ್ಡ್ ಟೈಪು ಮಾಡುವ ಮೇಷ್ಟ್ರಿಗೆ 3.2 ಗಿಗಾಹರ್ಟ್ಜ್ ಸಾಲದೆ 4.6 ಯಾಕೆ ಬೇಕಾಯಿತು ಎಂದು ಮಾತ್ರ ಕೇಳಬೇಡಿ. ಬೆಂಗಳೂರಿನ ಅಣ್ಣನ ಮಗ ಫೋನಿನಲ್ಲಿ, "ವೋಲ್ಟೇಜು ಒಂಚೂರು ಏರಿಸಿ ಚಿಕ್ಕಪ್ಪ, ಏನೂ ಆಗಲ್ಲ" ಅಂದ. ಏನೂ ಆಗಲ್ಲ ಅನ್ನುವವರ ಮನೆಯಲ್ಲಿ ಯಾವತ್ತೂ ಏನೂ ಆಗುವುದಿಲ್ಲ. ಆಗುವುದೆಲ್ಲ ನಮ್ಮ ಮನೆಯಲ್ಲೇ.

ಏರಿಸಿದೆ. ಪರದೆ ಕಪ್ಪಾಯಿತು. ಫ್ಯಾನು ಮಾತ್ರ ದೆವ್ವ ಮೆಟ್ಟಿದ ಹಾಗೆ ತಿರುಗುತ್ತಿತ್ತು.

"ಪ್ಲಗ್ ಕಿತ್ತು, ಬೋರ್ಡಿನ ಗುಂಡು ಸೆಲ್ಲು ತೆಗೆದು, ಐದು ನಿಮಿಷ ಕಾಯಿರಿ" ಎಂದ ಅದೇ ಮಹಾನುಭಾವ. ನಾನು ಕಲಿಸಿದ್ದನ್ನೆಲ್ಲ ಬೋರ್ಡು ಮರೆಯಲು ಅಷ್ಟು ಹೊತ್ತು ಬೇಕಂತೆ. ನನ್ನ ವಿದ್ಯಾರ್ಥಿಗಳಿಗೆ ಇಷ್ಟೂ ಬೇಡ.

ಸೆಲ್ಲನ್ನು ಅಂಗೈಲಿಟ್ಟುಕೊಂಡು, ಗೋಡೆ ಗಡಿಯಾರ ನೋಡುತ್ತಾ ನಿಂತೆ. ಮಗ ಬಂದು ಪಕ್ಕದಲ್ಲಿ ನಿಂತ. ಅಮ್ಮ ಏನೋ ಕೆಟ್ಟದ್ದಾಗಿದೆ ಎಂದುಕೊಂಡು ಟಿವಿ ಆರಿಸಿದರು. ಉಪ್ಪು ಕೇಳಲೆಂದು ಬಂದ ಪಕ್ಕದ ಮನೆಯಾಕೆಯೂ ಬಟ್ಟಲು ಹಿಡಿದು ತಲೆ ತಗ್ಗಿಸಿ ನಿಂತುಬಿಟ್ಟರು. ಮೂರನೇ ನಿಮಿಷಕ್ಕೆ ಎದುರುಮನೆ ಚಾಚಾ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ನಾಲ್ಕನೆಯದಕ್ಕೆ ಹೆಂಡತಿ ಮೆಲ್ಲಗೆ, "ರೀ, ಈ ಮೌನಾಚರಣೆ ಅದು ಹೋಯ್ತು ಅಂತಲೋ, ಉಳೀಲಿ ಅಂತಲೋ?" ಅಂದಳು. ಉತ್ತರ ನನಗೂ ಗೊತ್ತಿರಲಿಲ್ಲ.

ಸೆಲ್ಲು ಸಿಕ್ಕಿಸಿದೆ. "ಕುಂಯ್" ಎಂದಿತು. ಬದುಕಿತ್ತು! ಆದರೆ ತಾರೀಖು 2014ಕ್ಕೆ ಹೋಗಿ ಕೂತಿತ್ತು. ಆಗ ನನ್ನ ತಲೆಯಲ್ಲಿ ಕೂದಲಿತ್ತು. ಬ್ಯಾಂಕಿನ ಪುಟ ತೆರೆಯಲಿಲ್ಲವೆಂದು ತಾರೀಖು ಸರಿಮಾಡಿದೆ, ಮನಸ್ಸಿಲ್ಲದ ಮನಸ್ಸಿನಿಂದ.

ವೋಲ್ಟೇಜು ಎರಡುಪಟ್ಟಾದರೆ ಶಾಖ ನಾಲ್ಕುಪಟ್ಟು ಎಂದು ನಾನು ಚಾಚಾಗೆ ಪಾಠ ಶುರು ಮಾಡಿದೆ. ಅವರು ನಕ್ಕರು. ಅವರದು ಬೊಂಬೆ ಕೆಲಸ. ಲೇತಿನಲ್ಲಿ ಗಿರಗಿರ ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಾಟದ ಕಾವಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. "ಜಾಸ್ತಿ ಓಡಿಸಿದ್ರೆ ಅರಗು ಸುಟ್ಟೋಗುತ್ತೆ ಮೇಷ್ಟ್ರೇ. ಬಿಸಿ ಬೇಕು, ಉರಿ ಬೇಡ. ಅದು ಕೈಗೆ ಗೊತ್ತಾಗ್ಬೇಕು."

"ನಿಮ್ಮ ಮಗನಿಗೆ ಕಲಿಸಿದ್ರಾ?" ಅಂದೆ.

"ಅವನು ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾನೆ" ಅಂದವರು ಚಪ್ಪಲಿ ಹುಡುಕತೊಡಗಿದರು.

ಕಂಪ್ಯೂಟರು ಈಗ ತೆಪ್ಪಗೆ 3.2ರಲ್ಲಿ ಓಡುತ್ತಿದೆ. ಅದರ ಮೇಲೆ ಚಾಚಾ ಕೊಟ್ಟ ಕೆಂಪು ಬುಗುರಿಯಿದೆ. ಅಣ್ಣನ ಮಗನ ಫೋನು ಬಂದರೆ ಅದನ್ನೊಮ್ಮೆ ಮುಟ್ಟಿ ನೋಡಿಕೊಂಡೇ ಎತ್ತುತ್ತೇನೆ.