ಫೈಲು ಕದಲಿಸುವ ಮಾವ

ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಸರ್ಕಾರಿ ನೌಕರಿ ಒಂದು ದಿನವೂ ಮಾಡಿದವರಲ್ಲ. ಆದರೆ ಕಚೇರಿಗೆ ಅವರಷ್ಟು ತಪ್ಪದೆ ಹೋದ ನೌಕರನೂ ಇಲ್ಲ. ಪಹಣಿ ತಿದ್ದುಪಡಿ, ಪೋಡಿ, ವಿಧವಾ ವೇತನ, ಯಾರ ಕಾಗದ ಎಲ್ಲಿ ಕೂತಿದ್ದರೂ ಎಬ್ಬಿಸಿ ನಡೆಸುತ್ತಾರೆ. ದುಡ್ಡು ಮುಟ್ಟುವುದಿಲ್ಲ, ಕಾಫಿ ಬೇಡ ಅನ್ನುವುದಿಲ್ಲ. ನಮ್ಮ ಬೀದಿಯ ಇಂಥವರನ್ನು ಊರೆಲ್ಲ ಮಾವ ಅನ್ನುತ್ತದೆ.

ಮಾವನ ಅಕ್ಕನ ಮಗ ಇಂಜಿನಿಯರಿಂಗ್ ಓದುವ ಹುಡುಗ. ರಾತ್ರಿಯೆಲ್ಲ ಕೂತು ಇಂಗ್ಲಿಷಿನಲ್ಲಿ ಕಥೆ ಬರೆಯುತ್ತಾನೆ, ಅದೂ ಒಬ್ಬನೇ ಅಲ್ಲ. ಯಾವ್ಯಾವುದೋ ದೇಶದವರು ಸೇರಿ ಒಂದೇ ಕಥೆ ಬೆಳೆಸುವ ಜಾಲತಾಣವದು; ಖೋ ಖೋ ಆಟದಂತೆ, ಒಬ್ಬ ಕೂತಲ್ಲಿಂದ ಇನ್ನೊಬ್ಬ ಎದ್ದು ಓಡಬೇಕು. ಆದರೆ ನಡುವೆ ಮಾಡರೇಟರ್ ಒಪ್ಪಿಗೆ ಒತ್ತಬೇಕು. ಅಳಿಯ ಕಳಿಸಿದ ಅಧ್ಯಾಯದ ಮುಂದೆ ಯುಗಾದಿಯಿಂದ ‘ಪೆಂಡಿಂಗ್’ ಅಂತಿತ್ತು. ಗಣಪತಿ ಬಂದು ಮುಳುಗಿದರೂ ಅದೇ.

‘ಪೆಂಡಿಂಗ್’ ಅನ್ನೋದು ಕಿವಿಗೆ ಬಿದ್ದದ್ದೇ ತಡ, ಮಾವ ಕನ್ನಡಕ ಹಾಕಿಕೊಂಡರು.

“ಇನ್‌ವರ್ಡ್ ನಂಬರ್ ಕೊಟ್ಟಿದಾರಾ?”

“ಅದೆಲ್ಲ ಇಲ್ಲ ಮಾವ. ಬಟನ್ ಒತ್ತಿದ್ರೆ ಹೋಗುತ್ತೆ.”

“ಹಂಗಾದ್ರೆ ಹೋಗೇ ಇಲ್ಲ ಬಿಡು. ಕೇಸ್ ವರ್ಕರ್ ಯಾರು?”

“ಮಾಡರೇಟರ್ ಒಬ್ರೇ. ಹೆಸರು ಗೊತ್ತಿಲ್ಲ. ಫೋಟೋ ಜಾಗದಲ್ಲಿ ಗೂಬೆ ಇದೆ.”

“ಗೂಬೆ! ಸಂಬಳ ಎಷ್ಟು?”

“ಸಂಬಳ ಇಲ್ಲ ಮಾವ. ಪುಕ್ಕಟೆ ಮಾಡ್ತಾರೆ.”

ಮಾವ ಬಹಳ ಹೊತ್ತು ಮಾತಾಡಲಿಲ್ಲ. ಸಂಬಳವಿಲ್ಲದ ಸಾಹೇಬ, ಅಟೆಂಡರ್ ಇಲ್ಲದ ಬಾಗಿಲು. ಮೇಜೇ ಇಲ್ಲದ ಮೇಲೆ ಮೇಜಿನ ಕೆಳಗೇನು? ಅವರ ವಿದ್ಯೆಯ ಅರ್ಧ ಅಲ್ಲೇ ಕೈಕೊಟ್ಟಿತು. “ಸಕಾಲದಲ್ಲಿ ಹಾಕಬೇಕಿತ್ತು ಕಣೋ” ಎಂದರು. ಸಕಾಲ ಕಾಯ್ದೆ 2011ರದು, ಜಾರಿಗೆ ಬಂದದ್ದು 2012ರಲ್ಲಿ. ಕೆಲಸ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಮಾವ ಅದನ್ನು ಯಾರಿಗೂ ಕೊಡಿಸಿದ್ದಿಲ್ಲ, ಎಲ್ಲರಿಗೂ ಹೇಳಿದ್ದುಂಟು. ಗೂಬೆಯ ಬಾಕಿ 500 ಎಂದೋ ದಾಟಿದೆ ಎಂದು ಲೆಕ್ಕ ಬರೆದೂ ಕೊಟ್ಟರು.

ಎಲ್ಲ ಕಡೆಯೂ ಹೀಗಿಲ್ಲ ಎಂದು ಅಳಿಯ ವಿವರಿಸಿದ. ಎಸ್‌ಸಿಪಿ ಫೌಂಡೇಶನ್ ಎಂಬ ತಾಣವಿದೆ. 2007ರಲ್ಲಿ ಹೆಸರಿಲ್ಲದ ಯಾರೋ ಬರೆದ ಒಂದು ಭಯಾನಕ ತುಣುಕಿನಿಂದ ಹುಟ್ಟಿದ್ದು. ಅಲ್ಲಿ ಸದಸ್ಯರು ಕಥೆಯನ್ನು ತಾವೇ ಹಾಕಬಹುದು. ಓದುಗರು ವೋಟು ಹಾಕುತ್ತಾರೆ, ಮೈನಸ್ 10ಕ್ಕೆ ಇಳಿದರೆ ತೆಗೆದುಹಾಕುವ ಮಾತು ಶುರುವಾಗುತ್ತದೆ.

“ಅದು ಪಂಚಾಯ್ತಿ ಎಲೆಕ್ಷನ್. ನಂಗೆ ಬಿಡು, ಮನೆಮನೆಗೆ ಹೋಗಿ ಬರ್ತೀನಿ.”

ಯಾರ ಒಪ್ಪಿಗೆಯೂ ಬೇಡವಾದರೆ ಇನ್ನೂ ಸುಲಭ ಅಲ್ಲವೇ ಎಂದೆ ನಾನು. ಅದೂ ಆಗಿದೆಯಂತೆ. 2007ರಲ್ಲೇ ಇಂಗ್ಲೆಂಡಿನ ಪೆಂಗ್ವಿನ್ ಪ್ರಕಾಶನ ‘ಎ ಮಿಲಿಯನ್ ಪೆಂಗ್ವಿನ್ಸ್’ ಎಂದು, ಯಾರು ಬೇಕಾದರೂ ಬಂದು ತಿದ್ದಬಹುದಾದ ಕಾದಂಬರಿಯೊಂದನ್ನು ತೆರೆದಿಟ್ಟಿತು. ಯಾರೋ ಒಬ್ಬ ಪುಣ್ಯಾತ್ಮ ಕಂಡ ಕಂಡ ಪುಟಕ್ಕೆಲ್ಲ ಬಾಳೆಹಣ್ಣು ತುರುಕಿದ.

“ಅದಕ್ಕೇ ಸಹಿ ಹಾಕೋನೊಬ್ಬ ಬೇಕು ಅನ್ನೋದು” ಎಂದರು ಮಾವ, ಬಹಳ ಸಮಾಧಾನದಿಂದ.

ಆಮೇಲೆ ಹೊರಬಿತ್ತು ನಿಜವಾದ ವಿದ್ಯೆ. ಸಾಹೇಬರು ಸೀಟಿಗೆ ಬಂದು ಎಷ್ಟು ದಿನವಾಯಿತು? ಅದು ಗೂಬೆಯ ಪುಟದಲ್ಲೇ ಇತ್ತು: ಶಿವರಾತ್ರಿ ಹೊತ್ತಿಗೆ. “ಜಾಗರಣೆ ಮಾಡಿ ಮಲಗಿದ್ದು ಎದ್ದೇ ಇಲ್ಲ!” ಅಳಿಯ ದಿನಾ ಬೆಳಿಗ್ಗೆ ‘ಜೆಂಟಲ್ ರಿಮೈಂಡರ್’ ಹಾಕುತ್ತಿದ್ದ. ಮಾವ ಅದನ್ನು ನಿಲ್ಲಿಸಿದರು. ದಿನಾ ಹೋಗಿ ನಿಂತವನ ಫೈಲು ತಳ ಸೇರುತ್ತದೆ. ಕೊನೆಗೆ ಕೇಳಿದರು: “ಚಾರ್ಜ್ ಯಾರ ಹತ್ರ ಇದೆ?”

ಈ ಪ್ರಶ್ನೆಗೆ ನಾನು ತಲೆಬಾಗಿದೆ. ತಾಲ್ಲೂಕು ಕಚೇರಿಯನ್ನು ನಾವು ಎಷ್ಟಾದರೂ ಬೈಯಬಹುದು, ಆದರೆ ಅಲ್ಲಿ ತಹಶೀಲ್ದಾರರು ರಜೆ ಹೋದರೆ ಪ್ರಭಾರ ಯಾರಿಗೆ ಎಂದು ಕಾಗದ ಹುಟ್ಟುತ್ತದೆ. ಇಲ್ಲಿ ಹಾಗಲ್ಲ. ಹುಮ್ಮಸ್ಸಿನ ಹುಡುಗನೊಬ್ಬ ತಾಣ ತೆರೆಯುತ್ತಾನೆ. ಆಮೇಲೆ ಪರೀಕ್ಷೆ, ಪ್ರೇಮ, ಕೆಲಸ, ಕೈಗೂಸು. ಅವನು ಹೋಗುತ್ತಾನೆ, ಬೀಗದ ಕೈಯೂ ಹೋಗುತ್ತದೆ. ಒಳಗೆ ಹತ್ತಾರು ಜನರ ಅರ್ಧ ಕಥೆ. ಇನ್ನೊಬ್ಬನಿಗೆ ಚಾರ್ಜ್ ಕೊಡಬೇಕೆಂಬ ಸಣ್ಣ ಬುದ್ಧಿ, ಅಷ್ಟೆಲ್ಲ ರಾಜ್ಯ, ರಾಕ್ಷಸರನ್ನು ಸೃಷ್ಟಿಸಿದವರಿಗೆ ಹೊಳೆಯಲಿಲ್ಲ.

ತಾಣದ ಮಾಲೀಕನ ವಿಳಾಸ ಹುಡುಕಿಸಿ ಮಾವ ಅರ್ಜಿ ಬರೆಸಿದರು. ‘ಥ್ರೂ ಪ್ರಾಪರ್ ಚಾನೆಲ್’ ಅಂತ ಶುರುವಾಗಿ ‘ಐ ಬೆಗ್ ಟು ಸ್ಟೇಟ್’ ದಾಟಿ ‘ಫಾರ್ ವಿಚ್ ಐ ಶಲ್ ಬಿ ಎವರ್ ಗ್ರೇಟ್‌ಫುಲ್’ ತನಕ ಹೋದ ಅರ್ಜಿ. ಮಾರನೇ ದಿನವೇ ಉತ್ತರ: ಗೂಬೆಗೆ ಕೆಲಸ ಸಿಕ್ಕಿದೆ, ಬಿಡುವಿಲ್ಲ, ಇಷ್ಟು ಕ್ರಮಬದ್ಧವಾಗಿ ಬರೆಯುವ ತಾವೇ ಯಾಕೆ ನೋಡಿಕೊಳ್ಳಬಾರದು?

ಮಾವ ಚಾರ್ಜ್ ತಗೊಂಡರು. ಇನ್ನೂರು ಪುಟದ ನೋಟ್‌ಬುಕ್ಕು ಇನ್‌ವರ್ಡ್ ರಿಜಿಸ್ಟರ್ ಆಯಿತು. ಬಂದ ಸರದಿಯಲ್ಲೇ ವಿಲೇವಾರಿ, ಪ್ರತಿಯೊಂದಕ್ಕೂ ಷರಾ. ‘ಡ್ರ್ಯಾಗನ್ನಿನ ಮಾಲೀಕತ್ವದ ದಾಖಲೆ ಲಗತ್ತಿಸಿರುವುದಿಲ್ಲ.’ ‘ಮೂರನೇ ಅಧ್ಯಾಯದಲ್ಲಿ ಮೃತನಾದ ರಾಜನು ಐದರಲ್ಲಿ ಸಹಿ ಮಾಡಿರುತ್ತಾನೆ, ಸ್ಪಷ್ಟೀಕರಣ ನೀಡತಕ್ಕದ್ದು.’ ಅಳಿಯ ಇಂಗ್ಲಿಷಿಗೆ ತಿರುಗಿಸಿ ಹಾಕುತ್ತಾನೆ. ಬರೆಯುವವರು ಬೈದುಕೊಳ್ಳಲಿಲ್ಲ, ತಮ್ಮ ಕಥೆಯನ್ನು ಇಷ್ಟು ಗಮನವಿಟ್ಟು ಓದಿದವರು ಹಿಂದೆ ಯಾರೂ ಇರಲಿಲ್ಲವಂತೆ.

ದೀಪಾವಳಿಯೊಳಗೆ ಬಾಕಿಯೆಲ್ಲ ಖಾಲಿ, ಅಳಿಯನದೊಂದು ಬಿಟ್ಟು. ಸಂಬಂಧಿಕರ ಫೈಲಿಗೆ ತಾವೇ ಸಹಿ ಹಾಕಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತದೆ ಅನ್ನುತ್ತಾರೆ ಮಾವ. ನಿಮ್ಮದೂ ಏನಾದರೂ ಅಲ್ಲಿದ್ದರೆ ಬೆಳಿಗ್ಗೆ ಹತ್ತೂವರೆ ಮೇಲೆ ವಿಚಾರಿಸಿ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಬೇಡ, ಸಾಹೇಬರು ಸೀಟಿನಲ್ಲಿರುವುದಿಲ್ಲ.