ಎಂಟು ನಿಮಿಷದ ದಾರಿ

ಫೋನು ಎಂಟು ನಿಮಿಷ ಎಂದಿತು. ಲಿಸ್ಬನ್ನಿನ ಕೋಟೆಗುಡ್ಡದ ಮೇಲಿರುವ ಮಗನ ಬಾಡಿಗೆ ಮನೆಯಿಂದ ಕೆಳಗಿನ ಪೇಟೆಗೆ ನಡೆದು ಹೋಗಲು ಬರೀ ಎಂಟು ನಿಮಿಷ. ಇಳಿಯುವಾಗ ಲೆಕ್ಕ ಸರಿಯಾಗಿಯೇ ಇತ್ತು. ಅರ್ಧ ನಿಮಿಷ ಮುಂಚೆಯೇ ಮುಟ್ಟಿದೆ ಅನ್ನಿ, ಯಾಕೆಂದರೆ ಕೊನೆಯ ಹತ್ತು ಮೆಟ್ಟಿಲನ್ನು ನಾನು ಇಳಿಯಲಿಲ್ಲ, ಅವೇ ನನ್ನನ್ನು ಇಳಿಸಿದವು. ಸಂಜೆ ಅದೇ ದಾರಿಯಲ್ಲಿ ವಾಪಸು ಹೊರಟಾಗ ಫೋನು ದೊಡ್ಡ ಮನಸ್ಸು ಮಾಡಿ ಒಂದು ನಿಮಿಷ ಹೆಚ್ಚಿಗೆ ಕೊಟ್ಟಿತು: ಒಂಬತ್ತು. ನಾನು ಮನೆ ಸೇರಿದ್ದು ಐವತ್ತನೇ ನಿಮಿಷಕ್ಕೆ. ನಡುವೆ ಮೂರು ಕಟ್ಟೆ, ಎರಡು ಹೊಸಿಲು, ಒಂದು ಹೂಕುಂಡದ ಅಂಚು, ಎಲ್ಲದರ ಮೇಲೂ ಕೂತು ಬಂದಿದ್ದೆ.

ನಾನು ದಾವಣಗೆರೆಯವನು. ನಮ್ಮ ಕಡೆ ನೆಲ ದೋಸೆಹಂಚಿನ ಹಾಗೆ. ಏರು ಎಂದರೆ ನನಗೆ ಗೊತ್ತಿರುವುದು ಮೇಲ್ಸೇತುವೆ, ಅದನ್ನೂ ಸ್ಕೂಟರಿನಲ್ಲಿ ಹತ್ತಿ ರೂಢಿ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೂತು ನಿವೃತ್ತನಾದವನಿಗೆ ಡಾಕ್ಟರು ‘ಸಕ್ಕರೆ ಬಂದಿದೆ, ದಿನಾ ನಡೀರಿ’ ಎಂದಾಗ ಹೂಂ ಎಂದು ಬಂದಿದ್ದೆ. ಹೆಂಡತಿ ತೀರ್ಥಹಳ್ಳಿಯ ಕಡೆಯವಳು. ಅವಳ ತವರಿನಲ್ಲಿ ಬಚ್ಚಲಿಗೆ ಹೋಗಬೇಕಾದರೂ ನಾಲ್ಕು ಮೆಟ್ಟಿಲು ಇಳಿಯಬೇಕು, ತೋಟಕ್ಕೆ ಹೋಗಬೇಕಾದರೆ ಸಂಕ ದಾಟಬೇಕು. ಮದುವೆಯಾಗಿ ಬಯಲುಸೀಮೆಗೆ ಬಂದ ಮೇಲೆ ಅವಳ ಆ ವಿದ್ಯೆಗೆ ಕೆಲಸವಿರಲಿಲ್ಲ. ಲಿಸ್ಬನ್ನಿನಲ್ಲಿ ಕೆಲಸ ಬಿತ್ತು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಮುಂದೆ ಹೋಗಿ, ತಿರುವಿನಲ್ಲಿ ನಿಂತು, ‘ಬಂದ್ರೇನ್ರೀ?’ ಎಂದು ಕೇಳುತ್ತಿದ್ದಳು. ಉತ್ತರ ಕೊಡಲು ಉಸಿರು ಬೇಕಲ್ಲ.

ಲಿಸ್ಬನ್ನಿಗೆ ಏಳು ಬೆಟ್ಟದ ಊರು ಎಂಬ ಬಿರುದಿದೆ. 1620ರಲ್ಲಿ ನಿಕೊಲಾವ್ ದೆ ಒಲಿವೇರಾ ಎಂಬ ಸನ್ಯಾಸಿ ಊರಿನ ಹಿರಿಮೆಯ ಬಗ್ಗೆ ಪುಸ್ತಕ ಬರೆದು, ರೋಮಿಗೆ ಸರಿಸಮವಾಗಿ ಏಳು ಎಂದು ಎಣಿಸಿಬಿಟ್ಟ. ಆ ಏಳರಲ್ಲಿ ಗ್ರಾಸಾ ಗುಡ್ಡ ಇಲ್ಲವೇ ಇಲ್ಲ. ಅದೇನು ಸಣ್ಣದೇ? ಕೋಟೆಗುಡ್ಡದ ಬೆನ್ನಿಗೇ ಎದ್ದು ನಿಂತಿದೆ. ನದಿಯ ಕಡೆಯಿಂದ ನೋಡುವವನಿಗೆ ಕೋಟೆ ಅಡ್ಡ ಬಂದು ಗ್ರಾಸಾ ಕಾಣುವುದಿಲ್ಲ ಎಂದು ಸಮಜಾಯಿಷಿ ಹೇಳುತ್ತಾರೆ. ಪುಣ್ಯಾತ್ಮ ಒಂದು ಸಲ ಹತ್ತಿದ್ದರೆ ಲೆಕ್ಕದಲ್ಲಿ ಬಿಡುತ್ತಿರಲಿಲ್ಲ.

ಏಳು ಬೆಟ್ಟ ಎಂದರೆ ನಮಗೆ ತಿಮ್ಮಪ್ಪ. ಅಲಿಪಿರಿಯಿಂದ 3,550 ಮೆಟ್ಟಿಲು ಗೋವಿಂದಾ ಗೋವಿಂದಾ ಎಂದು ಹತ್ತುವವರಿದ್ದಾರೆ. ಅವರಿಗೆ ಮೇಲೆ ದೇವರಿದ್ದಾನೆ, ಕೈಗೆ ಲಾಡು ಬರುತ್ತದೆ. ಇಲ್ಲಿ ಹತ್ತಿ ಮುಗಿಸಿದರೆ ಸಿಗುವುದು ಮಿರಾದೌರು. ಎಂದರೆ ನೋಡುಕಟ್ಟೆ. ಕಟ್ಟೆಗೆ ಒರಗಿ ನಿಂತರೆ ಕೆಂಪು ಹೆಂಚಿನ ಮಾಡುಗಳು, ಆಚೆ ತೇಜೋ ನದಿ, ಮತ್ತು ನೀವು ನಾಳೆ ಹತ್ತಬೇಕಾದ ಗುಡ್ಡ. ಚೆಲುವಾಗಿಯೇ ಇರುತ್ತದೆ, ಸುಳ್ಳು ಹೇಳಬಾರದು. ಸಾಂತಾ ಲುಜಿಯಾದ ಕಟ್ಟೆಯಲ್ಲಿ ನೀಲಿ ಹಂಚಿನ ಗೋಡೆಯ ಪಕ್ಕ ಕೂತಾಗ ನನಗೂ ಹಾಯೆನಿಸಿತು. ನೋಟಕ್ಕೋ, ಕೂತದ್ದಕ್ಕೋ ಇವತ್ತಿಗೂ ಬಗೆಹರಿದಿಲ್ಲ.

ಬಯಲುಸೀಮೆಯವನಿಗೆ ಅಲ್ಲಿ ತವರಿನಂತಿರುವ ಜಾಗ ಒಂದೇ, ಬೈಶಾ. ಎರಡು ಗುಡ್ಡಗಳ ನಡುವಿನ ತಗ್ಗು. 1755ರ ನವೆಂಬರ್ 1ರ ಬೆಳಗ್ಗೆ, ಹಬ್ಬದ ದಿನ, ಜನ ಇಗರ್ಜಿಗಳಲ್ಲಿದ್ದಾಗ ಭೂಮಿ ನಡುಗಿತು. ಹಿಂದೆಯೇ ನದಿಯಿಂದ ಅಲೆ ಬಂತು, ಆಮೇಲೆ ದಿನಗಟ್ಟಲೆ ಬೆಂಕಿ. ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎನಿಸಿಕೊಂಡ ಮಂತ್ರಿ ಅಲ್ಲಿ ಹಳೆಯ ಸಂದುಗೊಂದುಗಳನ್ನು ಬಿಟ್ಟು, ಹಾಳೆಗೆ ಗೆರೆ ಹಾಕಿದ ಹಾಗೆ ನೇರ ಬೀದಿಗಳನ್ನು ಎಳೆಸಿದ. ನನ್ನ ಕಾಲಿಗೆ ಸುಖ ಕೊಡುತ್ತಿರುವ ಬೀದಿಗಳ ಹಿಂದೆ ಇಷ್ಟು ಸಾವಿದೆ ಎಂದು ಮಗ ಹೇಳಿದ ಮೇಲೆ ಸ್ವಲ್ಪ ಹೊತ್ತು ಮಾತಾಡದೆ ನಡೆದೆ.

ಬೈಶಾ ಬಿಟ್ಟರೆ ಆಯಿತು, ನಕಾಶೆಯಲ್ಲಿ ಬೀದಿಯ ಹೆಸರು ಓದಲು ಕಲಿಯಲೇಬೇಕು. ರುವಾ ಎಂದಿದ್ದರೆ ಬೀದಿ, ಎದೆಗೆ ಅಪಾಯ ಕಡಿಮೆ. ಬೆಕೊ ಎಂದಿದ್ದರೆ ಕುರುಡುಗಲ್ಲಿ, ಹೋದಷ್ಟೇ ವಾಪಸು ಬರಬೇಕು. ಕಲ್ಸಾದ ಎಂದಿದ್ದರೆ ಕಲ್ಲು ಹಾಸಿದ ಏರು. ಕನ್ನಡಿಗನಿಗೆ ಹೆಸರಿನಲ್ಲೇ ಕಲ್ಲು ಸಿಗುತ್ತದೆ. ಎಲ್ಲಕ್ಕಿಂತ ಮೋಸದ್ದು ಎಸ್ಕದೀನ್ಯಾಸ್. ಪೋರ್ಚುಗೀಸರು ಮುದ್ದಿಗೆ ಪದದ ಬಾಲಕ್ಕೆ ‘ಇನ್ಯಾ’ ಸೇರಿಸುತ್ತಾರೆ, ನಾವು ಪುಟ್ಟ ಅಂದ ಹಾಗೆ. ಎಸ್ಕದೀನ್ಯಾಸ್ ಎಂದರೆ ಪುಟ್ಟ ಪುಟ್ಟ ಮೆಟ್ಟಿಲು. ಬುಡದಲ್ಲಿ ನಿಂತು ಕತ್ತೆತ್ತಿದರೆ ಟೋಪಿ ಹಿಂದಕ್ಕೆ ಬೀಳುತ್ತದೆ. ಮೇಜು, ಚಾವಿ, ಅಲಮಾರು, ಬಾಲ್ದಿ ಎಲ್ಲ ಇವರ ನಾಲಿಗೆಯಿಂದಲೇ ನಮ್ಮ ಕಡೆಗೆ ಬಂದ ಪದಗಳು. ಮೆಟ್ಟಿಲಿನ ಪದವನ್ನು ಅವರು ಊರಲ್ಲೇ ಬಿಟ್ಟು ಬಂದದ್ದು ನಮ್ಮ ಪುಣ್ಯ.

ಹಾಸಿದ ಕಲ್ಲಿನ ವಿಷಯ ಹೇಳಲೇಬೇಕು. ಕಾಲುದಾರಿಗೆಲ್ಲ ಬಿಳಿಯ ಸುಣ್ಣಕಲ್ಲಿನ ಸಣ್ಣ ಸಣ್ಣ ತುಂಡು, ನಡುನಡುವೆ ಕಪ್ಪು ಕಲ್ಲಿನ ಚಿತ್ತಾರ. ರೊಸ್ಸಿಯು ಚೌಕದಲ್ಲಿ ನೆಲಕ್ಕೆ ಅಲೆಅಲೆಯಾಗಿ ಕೂರಿಸಿದ್ದಾರೆ. ನಿಂತು ನೋಡಿದರೆ ತಲೆ ಸುತ್ತುತ್ತದೆ. ಜನ ತುಳಿದು ತುಳಿದು ಆ ಕಲ್ಲುಗಳು ಬೆಣ್ಣೆ ಸವರಿದ ಹಾಗಾಗಿವೆ. ದಾವಣಗೆರೆಯವನಿಗೆ ಬೆಣ್ಣೆ ಹೊಸದಲ್ಲ, ಆದರೆ ಅದು ಕಾಲಡಿಗೆ ಬಂದದ್ದು ಇದೇ ಮೊದಲು. ಮೂರನೇ ದಿನ ತುಂತುರು ಮಳೆ. ಹೆಂಡತಿ ಪಾಚಿಗಟ್ಟಿದ ಅಂಗಳದ ಪಾಠ ಶುರು ಮಾಡಿದಳು: ‘ಪಾದ ಅಡ್ಡ ಇಡಿ. ಹಿಮ್ಮಡಿ ಮೇಲೆ ಭಾರ ಹಾಕ್ಬೇಡಿ. ಬೀಳೋದಾದ್ರೆ ಗುಡ್ಡದ ಕಡೆಗೆ ಬೀಳಿ.’ ಕೊನೆಯದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ.

ಇಷ್ಟೊಂದು ಏರಿರುವ ಊರು ಯಂತ್ರ ಕಟ್ಟದೆ ಇರುತ್ತದೆಯೇ? ಏರಿನಲ್ಲಿ ಹಗ್ಗ ಕಟ್ಟಿ ಓಡಿಸಲೆಂದು ಮಾಡಿದ ಹಳೆಯ ಗಾಡಿಗಳು ಮೂರು: 1884ರ ಲಾವ್ರಾ, 1885ರ ಗ್ಲೋರಿಯಾ, 1892ರ ಬಿಕಾ. ರಾವುಲ್ ಮೆನಿಯೆ ದು ಪೊನ್ಸಾರ್ ಎಂಬ ಎಂಜಿನಿಯರನ ಕೆಲಸ. ಉಪಾಯ ನಮ್ಮ ಬಾವಿಯದೇ, ಒಂದು ರಾಟೆಗೆ ಎರಡು ಕೊಡ: ಒಂದು ಗಾಡಿ ಇಳಿಯುತ್ತ ಇನ್ನೊಂದನ್ನು ಎಳೆದುಕೊಳ್ಳುತ್ತದೆ. ಮೊದಮೊದಲು ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬಿ ಆ ತೂಕದಿಂದಲೇ ನಡೆಸುತ್ತಿದ್ದರಂತೆ. ನಾವು ಊರಿಗೆ ಮರಳಿದ ಮೇಲೆ, 2025ರ ಸೆಪ್ಟೆಂಬರ್ 3ರಂದು, ಗ್ಲೋರಿಯಾದ ಹಗ್ಗ ಕಳಚಿ ಗಾಡಿ ಉರುಳಿ 16 ಜನ ತೀರಿಕೊಂಡರು. ಟೀವಿಯಲ್ಲಿ ಆ ಇಳಿಜಾರನ್ನು ಕಂಡು ಗುರುತು ಹಿಡಿದವಳು ಹೆಂಡತಿ. ಅವತ್ತು ರಾತ್ರಿ ಇಬ್ಬರಿಗೂ ಊಟ ಸೇರಲಿಲ್ಲ.

ನಾವು ಹತ್ತಿದ್ದು ಬಿಕಾ. ಹತ್ತುವ ಮುಂಚೆ ಅದನ್ನು ಹುಡುಕಬೇಕಿತ್ತು. ಒಂದು ಸಣ್ಣ ಅಂಗಡಿಯ ಕಟ್ಟೆಯಾಚೆ ನಿಂತಿದ್ದವನನ್ನು ‘ಬಿಕಾ?’ ಎಂದು ಕೇಳಿದೆ. ತಲೆಯಾಡಿಸಿ ಒಳಗೆ ಹೋಗಿ, ಹೆಬ್ಬೆರಳುದ್ದದ ಲೋಟದಲ್ಲಿ ಡಿಕಾಕ್ಷನ್ನಿಗಿಂತ ಗಟ್ಟಿಯಾದ ಕಾಫಿ ತಂದಿಟ್ಟ. ಕುಡಿದು ದುಡ್ಡು ಕೊಟ್ಟೆ. ಮುಂದಿನ ತಿರುವಿನಲ್ಲಿ ಇನ್ನೊಂದು ಅಂಗಡಿ. ‘ಬಿಕಾ?’ ಮತ್ತೆ ಕಾಫಿ. ಲಿಸ್ಬನ್ನಿನಲ್ಲಿ ಕಾಫಿಗೂ ಬಿಕಾ ಎಂದೇ ಹೆಸರು ಎಂದು ಮಗ ಸಂಜೆ ಹೇಳಿದ. ಮೂರನೆಯ ಕಾಫಿಯ ಹೊತ್ತಿಗೆ ನನಗೆ ಗಾಡಿಯ ಅವಶ್ಯಕತೆಯೇ ಇರಲಿಲ್ಲ. ಎದೆ ತಾನೇ ಓಡುತ್ತಿತ್ತು.

ಅದೇ ಪೊನ್ಸಾರನ ಇನ್ನೊಂದು ಕೆಲಸ ಸಾಂತಾ ಜುಸ್ತಾ ಲಿಫ್ಟು. 1902ರದ್ದು, 45 ಮೀಟರು, ಬೀದಿಯ ನಡುವೆ ಕಬ್ಬಿಣದ ಕಸೂತಿ. ಅದರ ಮುಂದಿನ ಸಾಲು ನೋಡಿದರೆ ಧರ್ಮದರ್ಶನ ನೆನಪಾಗುತ್ತದೆ. ಮಗ ಕಿವಿಯಲ್ಲಿ ಉಸುರಿದ: ‘ಅಪ್ಪಾ, ಪಕ್ಕದಲ್ಲೇ ಬೈಶಾ-ಶಿಯಾದೊ ಮೆಟ್ರೋ ಸ್ಟೇಷನ್ ಇದೆ. ಒಳಗೆ ಹೋಗಿ ಎಸ್ಕಲೇಟರು ಹತ್ತಿ, ಆಚೆ ಬಾಗಿಲಲ್ಲಿ ಹೊರಗೆ ಬಂದ್ರೆ ಮೇಲಿನ ಪೇಟೆ, ಶಿಯಾದೊ. ಟಿಕೆಟ್ ಬೇಡ.’ ಒಂದರ ಮೇಲೊಂದು ಎಸ್ಕಲೇಟರು, ಮುಗಿಯುವುದೇ ಇಲ್ಲ. ನಿಂತಲ್ಲೇ ಸ್ವರ್ಗಾರೋಹಣ. ಮೇಲೆ ಬಂದರೆ ಕಾಫಿ ಅಂಗಡಿಯ ಮುಂದೆ ಫೆರ್ನಾಂದು ಪೆಸ್ಸೊವಾ, ಅಲ್ಲಿಯ ದೊಡ್ಡ ಕವಿ, ಕಾಲ ಮೇಲೆ ಕಾಲು ಹಾಕಿ ಕಂಚಿನಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ಒಂದು ಕಂಚಿನ ಖಾಲಿ ಕುರ್ಚಿ. ಬೇರೆಯವರು ಫೋಟೋಕ್ಕೆಂದು ಕೂರುತ್ತಾರೆ. ನಾನು ಕೂರುವುದಕ್ಕೆಂದು ಕೂತೆ. ಹಿಂದೆ ಸಾಲು ಬೆಳೆದು ಹೆಂಡತಿ ಬಂದು ಎಬ್ಬಿಸಬೇಕಾಯಿತು.

ಇನ್ನು ಇಪ್ಪತ್ತೆಂಟನೇ ನಂಬರಿನ ಟ್ರಾಮು. ಹಳದಿ ಬಣ್ಣ, ಒಳಗೆಲ್ಲ ಮರ, 1930ರ ದಶಕದ ಗಾಡಿ. ಇಷ್ಟು ಹಳೆಯದನ್ನು ಚೆಂದಕ್ಕೆಂದು ಉಳಿಸಿಕೊಂಡಿದ್ದಾರೆ ಎಂದುಕೊಂಡಿದ್ದೆ. ಚೆಂದಕ್ಕಲ್ಲ, ಗತಿಯಿಲ್ಲದೆ. ಉದ್ದದ ಹೊಸ ಟ್ರಾಮು ಅಲ್ಫಾಮಾ ಎಂಬ ಹಳೆಯ ಕೇರಿಯ ತಿರುವುಗಳಲ್ಲಿ ತಿರುಗುವುದಿಲ್ಲ. ಹೆಂಡತಿಗೆ ತಕ್ಷಣ ಅರ್ಥವಾಯಿತು: ‘ನಮ್ಮ ಆಗುಂಬೆ ಘಾಟಿ ಮಿನಿ ಬಸ್ಸು!’ ಮಾರ್ತಿಂ ಮೊನಿಜ್ ಚೌಕದಲ್ಲಿ ಒಂದು ಗಂಟೆ ಸಾಲಿನಲ್ಲಿ ನಿಂತೆವು. ಏರು ಹತ್ತಲಾರೆವೆಂದು ಬಂದವರೆಲ್ಲ, ಹತ್ತುವುದಕ್ಕಿಂತ ಹೆಚ್ಚು ಹೊತ್ತು ನಿಂತು ಕಾಲು ನೋಯಿಸಿಕೊಳ್ಳುತ್ತಿದ್ದೆವು. ಒಳಗೆ ಸೇರಿದ ಮೇಲೆ ಜೇಬುಗಳ್ಳರ ಎಚ್ಚರಿಕೆ ಓದಿ ಒಂದು ಕೈ ಪರ್ಸಿಗೆ ಕೊಟ್ಟೆ, ಇನ್ನೊಂದು ಕೈ ಮೇಲಿನ ಪಟ್ಟಿಗೆ. ಹೊರಗಿನ ಗೋಡೆ ಎಷ್ಟು ಹತ್ತಿರ ಬರುತ್ತಿತ್ತೆಂದರೆ, ಮೂರನೆಯ ಕೈ ಇದ್ದಿದ್ದರೆ ಯಾರದೋ ಹಗ್ಗದ ಮೇಲಿನ ಟವೆಲು ತೆಗೆದು ಮಡಚಿಡಬಹುದಿತ್ತು. ನಡೆಯುವವರು ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಗೆಳೆದು ನಿಲ್ಲುತ್ತಾರೆ. ನನ್ನ ಹೊಟ್ಟೆಯವರು ಆ ಗಲ್ಲಿಯಲ್ಲಿ ನಡೆಯಬಾರದು.

ಆ ಟ್ರಾಮಿನ ಕೊನೆಯ ನಿಲ್ದಾಣ ಪ್ರಜೇರೆಸ್. ಸುಖಗಳು ಎಂದು ಅರ್ಥ. ಇಳಿದು ನೋಡಿದರೆ ಎದುರಿಗೇ ಸ್ಮಶಾನದ ಬಾಗಿಲು. ಸ್ಮಶಾನದ ಹೆಸರೂ ಅದೇ. 1833ರಲ್ಲಿ ಕಾಲರಾ ಬಂದಾಗ ಮಾಡಿದ್ದು. ಗಾಡಿಯಿಂದ ಎಲ್ಲರನ್ನೂ ಇಳಿಸಿದರು; ವಾಪಸು ಬರಲು ಮತ್ತೆ ಸಾಲು. ಹೆಂಡತಿ ಬಾಗಿಲಾಚೆ ಇಣುಕಿ, ‘ಒಳಗೆ ನೆಲ ಸಪಾಟಾಗಿದೆ ಕಣ್ರೀ’ ಎಂದಳು.

ಬೀದಿಬೀದಿಯಲ್ಲಿ ಆಟೋಗಳೂ ಇವೆ. ನಮ್ಮದೇ ಮೂರು ಗಾಲಿ. ಅಲ್ಲಿ ಅವಕ್ಕೆ ತುಕ್ ತುಕ್ ಎಂದು ಹೆಸರು, ಹೂವಿನ ಅಲಂಕಾರ. ಬಾಡಿಗೆ ಕೇಳಿದೆ. ಮನಸ್ಸಿನಲ್ಲೇ ರೂಪಾಯಿ ಮಾಡಿ ನೋಡಿ, ಮೀಟರಿನ ಮೇಲೆ ಒಂದೂವರೆ ಕೇಳುವ ನಮ್ಮೂರಿನ ಆಟೋದವರನ್ನೆಲ್ಲ ನಿಂತಲ್ಲೇ ಕ್ಷಮಿಸಿಬಿಟ್ಟೆ.

ಇಷ್ಟೆಲ್ಲದರ ನಡುವೆ ನನ್ನ ಮಾನ ಕಳೆದವರು ಕೋಟೆಗುಡ್ಡದ ಅಜ್ಜಿಯರು. ಎಪ್ಪತ್ತು ದಾಟಿದವರು, ಎರಡೂ ಕೈಯಲ್ಲಿ ಆಲೂಗೆಡ್ಡೆ, ಎಲೆಕೋಸು, ಒಣಮೀನಿನ ಚೀಲ. ನಾನು ಹೂಕುಂಡದ ಅಂಚಿನಲ್ಲಿ ಕೂತು ಬಾಯಿ ಬಿಡುತ್ತಿದ್ದರೆ ಅವರು ನಗುನಗುತ್ತ ‘ಬೋವಾ ತಾರ್ದ್’ ಎಂದು ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದರು. ಒಬ್ಬರಿಗೂ ಏದುಸಿರಿಲ್ಲ. ಬಾಲ್ಯದಿಂದ ಹತ್ತಿ ಹತ್ತಿ ಎದೆ ಉಕ್ಕಾಗಿದೆ ಎಂದು ಗೌರವದಿಂದ ನೋಡುತ್ತಿದ್ದೆ. ಹೆಂಡತಿಯೂ ಆ ಜಾತಿಗೇ ಸೇರಿದವಳೆಂದು ಖಾತ್ರಿಯಾಯಿತು. ದಿನಾ ಸಂಜೆ ಬೈಶಾ ಮುಟ್ಟಿದ ಮೇಲೆ, ‘ನೀವು ನಿಧಾನಕ್ಕೆ ಹತ್ತುತ್ತಾ ಇರಿ, ನಾನು ತರಕಾರಿ ತಗೊಂಡು ಬರ್ತೀನಿ’ ಎನ್ನುತ್ತಿದ್ದಳು. ನಾನು ಮನೆ ಸೇರುವಾಗ ಅವಳು ಬಂದು, ಸೊಪ್ಪು ಬಿಡಿಸಿ, ಕಾಫಿ ಸೋಸುತ್ತಿರುತ್ತಿದ್ದಳು. ಮಲೆನಾಡಿನ ನೀರೇ ಬೇರೆ ಎಂದು ಮಗನ ಮುಂದೆ ಹೊಗಳಿದೆ. ಅವನು ಯಾಕೋ ಬಾಗಿಲಾಚೆ ಹೋಗಿ ಕೆಮ್ಮಿದ.

ಹೊರಡುವ ಹಿಂದಿನ ದಿನ ಎರಡು ಚೀಲ ಸಾಮಾನಿತ್ತು, ಅವಳೊಬ್ಬಳಿಗೆ ಆಗಲಿಲ್ಲ. ‘ಇವತ್ತು ನನ್ನ ಜೊತೆ ಬನ್ನಿ’ ಎಂದಳು. ರುವಾ ದುಸ್ ಫಂಕೇರುಸ್ ಬೀದಿಯಲ್ಲಿ ಒಂದು ಸಾಧಾರಣ ಮನೆಬಾಗಿಲಿನೊಳಗೆ ಕರೆದುಕೊಂಡು ಹೋದಳು. ಲಿಫ್ಟು. ಮೇಲಿನ ಬೀದಿಗೆ ಬಂದು ನಾಲ್ಕು ಹೆಜ್ಜೆ ನಡೆದರೆ ಹಳೆಯ ಮಾರುಕಟ್ಟೆಯ ಕಟ್ಟಡ. ಈಗ ಕೆಳಗೆ ಸೂಪರ್ ಮಾರ್ಕೆಟ್ಟು, ಮೇಲೆ ಕಾರು ನಿಲ್ಲಿಸುವ ಜಾಗ. ಅಲ್ಲೂ ಲಿಫ್ಟು. ಒಳಗೆ ಎಲೆಕೋಸು, ಒಣಮೀನಿನ ಚೀಲ ಹಿಡಿದ ಅಜ್ಜಿಯರು ನಾಲ್ವರು. ನನ್ನನ್ನು ನೋಡಿ ಗುರುತು ಹಿಡಿದು ನಕ್ಕರು. ಹೆಂಡತಿಗೆ ಜಾಗ ಮಾಡಿಕೊಟ್ಟ ರೀತಿಯಿಂದ ಅವಳದು ಅಲ್ಲಿ ಹಳೆಯ ಪರಿಚಯ ಎಂದು ತಿಳಿಯಿತು. ಬಾಗಿಲು ತೆರೆದಾಗ ನಾವು ಗುಡ್ಡದ ಮೇಲಿದ್ದೆವು, ಮಗನ ಮನೆಯ ಬೀದಿಯಲ್ಲೇ.

‘ನಿಂಗೆ ಯಾವಾಗಿಂದ ಗೊತ್ತು?’ ಎಂದೆ.

‘ಎರಡನೇ ದಿನದಿಂದ. ಮಗ ತೋರಿಸಿದ. ನಿಮಗೆ ಡಾಕ್ಟರು ನಡೀಬೇಕು ಅಂದಿದ್ರಲ್ಲ.’

ಆ ಲಿಫ್ಟುಗಳು 2013ರಿಂದ ಇವೆ. ಟಿಕೆಟ್ಟಿಲ್ಲ, ಸಾಲೂ ಇಲ್ಲ.