ಮುದ್ದೆಯ ನಾಡಿ

ನಮ್ಮ ಕಡೆ ಮದುವೆ ಮಾತುಕತೆಯಲ್ಲಿ ಗಂಡಿಗೆ ಉಂಗುರ, ಸೂಟು, ವಾಚು ಎಂಬ ತ್ರಿಮೂರ್ತಿಗಳು ನಿಗದಿಯಾಗಿ ಎಷ್ಟೋ ತಲೆಮಾರಾಯಿತು. ವರದಕ್ಷಿಣೆ ಅಲ್ಲ, ಪ್ರೀತಿಗೆ ಕೊಡೋದು ಎಂಬುದು ಎರಡೂ ಕಡೆಯವರ ಒಮ್ಮತದ ಹೇಳಿಕೆ. ಉಂಗುರದ ತೂಕಕ್ಕೆ ಜಗಳವಾಗುತ್ತಿತ್ತು, ಸೂಟಿನ ಬಟ್ಟೆಗೆ ಮುನಿಸಾಗುತ್ತಿತ್ತು. ವಾಚಿನ ವಿಷಯಕ್ಕೆ ಮಾತ್ರ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ವಾಚು ಅಂದರೆ ಎಚ್‌ಎಂಟಿ, ಮುಗಿಯಿತು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ತೆರೆದ ಎಚ್‌ಎಂಟಿ, 1978ರಲ್ಲಿ ತುಮಕೂರಿಗೂ ಬಂತು. ತುಮಕೂರು ಜಿಲ್ಲೆ ನಾಗಮಂಗಲದ ಬೇಲಿಗೆ ತಾಗಿಕೊಂಡೇ ಇರುವುದರಿಂದ ನಾಗಮಂಗಲದ ನನ್ನ ಭಾವಮೈದನ ವಂಶದವರು ಎಚ್‌ಎಂಟಿ ತಮ್ಮ ಹೊಲದಲ್ಲೇ ಬೆಳೆದದ್ದು ಎಂಬ ಗತ್ತಿನಲ್ಲಿ ಓಡಾಡುತ್ತಿದ್ದರು.

ಆಮೇಲೆ 1984ರಲ್ಲಿ ಟೈಟಾನ್ ಹುಟ್ಟಿತು. ಹೊಸೂರಿನ ಕಾರ್ಖಾನೆಯಿಂದ ಕೀಲಿ ಕೊಡಬೇಕಿಲ್ಲದ, ತೆಳ್ಳನೆಯ ಕ್ವಾರ್ಟ್ಜ್ ವಾಚುಗಳು ಹೊರಬಿದ್ದವು. ಮದುವೆ ಗಂಡುಗಳಿಗೆ ಮೊದಲ ಬಾರಿಗೆ ಆರಿಸುವ ಹಕ್ಕು ಸಿಕ್ಕಿತು. ಆರಿಸುವ ಹಕ್ಕು ಬಂದ ಮೇಲೆ ಮುನಿಸು ಬಾರದಿರುತ್ತದೆಯೆ? 2016ರಲ್ಲಿ ಎಚ್‌ಎಂಟಿ ವಾಚು ಘಟಕಗಳನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದಾಗ ಭಾವಮೈದ ಅಪ್ಪನ ಪೈಲಟ್ ವಾಚನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಿ, ಮಾರನೇ ವಾರ ಸ್ಮಾರ್ಟ್‌ವಾಚು ಕಟ್ಟಿಕೊಂಡು ಬಂದ. ದುಂಡಗಿನದು.

ನನ್ನದು ಚೌಕ. ಇಷ್ಟು ಸಾಕಾಯಿತು.

ಈ ಚೌಕ-ದುಂಡಗಿನ ಯುದ್ಧದ ಮೂಲ ನಮ್ಮೂರು ಪಾಂಡವಪುರದಲ್ಲಿಲ್ಲ, ಸಮುದ್ರದಾಚೆ ಇದೆ. ಆಪಲ್‌ನವರು 2015ರಲ್ಲಿ ಮಾರಾಟಕ್ಕಿಟ್ಟ ತಮ್ಮ ಮೊದಲ ವಾಚನ್ನು ಚೌಕವಾಗಿಯೇ ಮಾಡಿದರು, ಇವತ್ತಿಗೂ ಬಿಟ್ಟಿಲ್ಲ. ತಿರುಗಿಸಲು ಏನೂ ಕೀಲಿ ಇಲ್ಲದಿದ್ದರೂ ಪಕ್ಕದಲ್ಲಿ ಕೀಲಿಯ ಗುಬಟೊಂದನ್ನು ಉಳಿಸಿಕೊಂಡರು. ಅದಕ್ಕೂ ಹಿಂದಿನ ವರ್ಷ ಮೊಟೊರೊಲದವರು ಮೋಟೊ 360 ಎಂಬ ದುಂಡಗಿನದನ್ನು ತಂದಿದ್ದರು. ಹೆಸರಿನಲ್ಲಿ 360 ಡಿಗ್ರಿ ಇದ್ದರೂ ತೆರೆಯ ಬುಡದಲ್ಲಿ ಒಂದು ಕಪ್ಪು ಪಟ್ಟಿ ಕತ್ತರಿಸಿಕೊಂಡಿತ್ತು. ಒಳಗಿನ ಒಂದಷ್ಟು ಸಾಮಾನಿಗೆ ಬೇರೆಲ್ಲೂ ಜಾಗ ಸಿಕ್ಕಿರಲಿಲ್ಲವಂತೆ. ಅಮೆರಿಕದವರು ಅದನ್ನು ಪಂಕ್ಚರ್ ಟೈರು ಎಂದು ಆಡಿಕೊಂಡರು. ಸ್ಯಾಮ್‌ಸಂಗ್‌ನದು ಇನ್ನೂ ಮಜಾ. 2013ರಲ್ಲಿ ಚೌಕದಿಂದ ಶುರುಮಾಡಿತು, 2015ರಲ್ಲಿ ಅಂಚಿನ ಬಳೆ ಗಿರ್ರನೆ ತಿರುಗುವ ದುಂಡಗಿನದಕ್ಕೆ ಜಿಗಿಯಿತು, ಬಳೆಯನ್ನು ಕೆಲವು ಮಾದರಿಗಳಲ್ಲಿ ಬಿಟ್ಟಿತು, ಮತ್ತೆ ತಂದಿತು, 2025ರ ಹೊತ್ತಿಗೆ ಮೂಲೆ ಉರುಟಾದ ಚೌಕಟ್ಟಿನೊಳಗೆ ದುಂಡಗಿನ ಮುಖ ಕೂರಿಸಿ ಎರಡೂ ಕಡೆ ಕಾಲಿಟ್ಟಿತು. ಕೆ.ಆರ್.ಪೇಟೆಯ ಬೀಗರು ಇದನ್ನು ಕೇಳಿ ಮೀಸೆಯಲ್ಲೇ ನಕ್ಕರು. 2019ರ ಉಪಚುನಾವಣೆ ಕಂಡವರಿಗೆ ಪಕ್ಷಾಂತರದ ವಿವರಣೆ ಬೇಕಿಲ್ಲ.

ಚೌಕದ ಪರವಾಗಿ ನನ್ನ ವಾದ ಭಾಷಾಭಿಮಾನದ್ದು. ದುಂಡಗಿನ ತೆರೆಯಲ್ಲಿ ಕನ್ನಡಕ್ಕೆ ನೆಲೆಯಿಲ್ಲ. ಇಂಗ್ಲಿಷ್ ಅಕ್ಷರಗಳು ಒಂದೇ ಸಾಲಿನಲ್ಲಿ ಸಣ್ಣಗೆ ಸರಿದುಹೋಗುತ್ತವೆ. ನಮ್ಮವಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಕೃಷ್ಣರಾಜಪೇಟೆ’ಯನ್ನು ದುಂಡಗಿನದರ ತಳದ ಸಾಲಿನಲ್ಲಿ ಬರೆದರೆ ಆಚೆ ತುದಿಯಲ್ಲಿ ಪೇಟೆ ಮಾಯ, ಈಚೆ ತುದಿಯಲ್ಲಿ ಕೃಷ್ಣನ ಕಾಲು ಮಾಯ. ಈ ವಾದವನ್ನು ನಾನು ಬಹಳ ಆವೇಶದಿಂದ ಮಂಡಿಸುತ್ತಿದ್ದೆ. ನನ್ನ ವಾಚಿಗೆ ಕನ್ನಡವೇ ಬರುವುದಿಲ್ಲ, ಕನ್ನಡದ ಮೆಸೇಜು ಬಂದರೆ ಸಾಲಾಗಿ ಖಾಲಿ ಡಬ್ಬಿ ತೋರಿಸುತ್ತದೆ ಎಂಬುದನ್ನು ಭಾವಮೈದ ಪತ್ತೆಹಚ್ಚುವ ತನಕ. ‘ಡಬ್ಬಿಯಾದ್ರೂ ಚೌಕಾಗವೆ ಅಲ್ವಾ’ ಎಂದು ಸಮರ್ಥಿಸಿಕೊಂಡೆ.

ನನ್ನ ವಾಚಿನ ಕಂಪನಿಯ ಹೆಸರು ಹೇಳುವುದಿಲ್ಲ. ಆಪಲ್ ಅಂತೂ ಅಲ್ಲ. 2022ರಲ್ಲಿ ಆಪಲ್‌ನವರು ಅಲ್ಟ್ರಾ ಎಂಬ ಭಾರೀ ವಾಚು ತಂದು, ಅದರ ಪಕ್ಕೆಗೆ ಕಿತ್ತಳೆ ಬಣ್ಣದ ಗುಂಡಿ ಇಟ್ಟು, ಇಂಡಿಯಾದಲ್ಲಿ 89,900 ರೂಪಾಯಿ ಅಂದರು. ನೋಡನೋಡುತ್ತಾ ಕಿತ್ತಳೆ ಗುಂಡಿ ದೇಶದ ತುಂಬ ಮೊಳೆತು, ಎರಡು ಸಾವಿರ ರೂಪಾಯಿಗೂ ಸಿಕ್ಕತೊಡಗಿತು. ಅಲ್ಲಿ ಅದು ಸಮುದ್ರಕ್ಕೆ ಧುಮುಕುವವರ, ಬೆಟ್ಟ ಹತ್ತುವವರ ಆಪತ್ತಿನ ಅನುಕೂಲಕ್ಕೆ. ನನ್ನದರಲ್ಲಿ ಒತ್ತಿದರೆ ಕ್ಯಾಲ್ಕುಲೇಟರ್ ಬರುತ್ತದೆ.

ಇನ್ನು ಶ್ರೀರಂಗಪಟ್ಟಣದ ಷಡ್ಡಕ. ಅವರದು ಮೂರನೇ ರಂಗ. ಆಕಾರ ಏನಾದರಾಗಲಿ, ಚಾರ್ಜು ವಾರಗಟ್ಟಲೆ ನಿಲ್ಲಬೇಕು ಎನ್ನುವ ಪಂಥ. ಆಪಲ್‌ನವರೇ ತಮ್ಮ ಮೊದಲ ವಾಚು 18 ಗಂಟೆ ನಡೆಯುತ್ತದೆಂದು ಹೇಳಿದ್ದನ್ನು ಹಿಡಿದುಕೊಂಡು, ‘ಒಂದಿನ ಪೂರ್ತಿ ನೋಡಕಾಗ್ದೆ ಇರೋದು ಎಂತಾ ಗಡಿಯಾರ?’ ಎನ್ನುತ್ತಾರೆ. ತಮ್ಮ ಊರಿನ ಹಿರಿಮೆ ಎತ್ತದೆ ಅವರ ವಾದ ಮುಗಿಯುವುದಿಲ್ಲ. 1787ರಲ್ಲಿ ಟಿಪ್ಪು ಸುಲ್ತಾನ ಫ್ರಾನ್ಸಿನ ಹದಿನಾರನೇ ಲೂಯಿಯ ಆಸ್ಥಾನಕ್ಕೆ ರಾಯಭಾರಿಗಳನ್ನು ಕಳಿಸಿ, ಬಂದೂಕು ಮಾಡುವವರು, ಗಾಜು ಊದುವವರ ಜೊತೆ ಗಡಿಯಾರದ ಕುಶಲಕರ್ಮಿಗಳನ್ನೂ ಕಳಿಸಿಕೊಡಿ ಎಂದು ಕೇಳಿದ್ದು ನಿಜ. ಷಡ್ಡಕರು ಮಾತ್ರ ಅದನ್ನು ಹೇಳುವಾಗ ಲೂಯಿಗೆ ಆರ್ಡರು ಕೊಟ್ಟವರ ಪೈಕಿ ತಾವೂ ಒಬ್ಬರು ಎನ್ನುವ ಮುಖ ಮಾಡಿರುತ್ತಾರೆ. ‘ನಮ್ಮೂರಿಗೂ ಫ್ರೆಂಚ್ ರಾಕ್ಸ್ ಅಂತ್ಲೇ ಹೆಸರಿತ್ತು’ ಎಂದು ನಾನು ಪಾಂಡವಪುರದ ಪರವಾಗಿ ಗುರಾಣಿ ಹಿಡಿದರೆ, ‘ಅಲ್ಲಿದ್ದೋರು ಸಿಪಾಯಿಗಳು ಕಣ್ರೀ, ಗಡಿಯಾರದೋರಲ್ಲ’ ಎಂದು ತಳ್ಳಿಹಾಕುತ್ತಾರೆ.

ಈ ಮೂರೂ ಪಂಥಗಳು ಒಂದೇ ಪಂಕ್ತಿಯಲ್ಲಿ ಕೂತದ್ದು ಕೆ.ಆರ್.ಪೇಟೆಯ ಬೀಗರ ಊಟದಲ್ಲಿ. ಎಲೆಗೆ ಉಪ್ಪು, ಈರುಳ್ಳಿ, ನಿಂಬೆ ಬಿದ್ದವು, ಹೊಗೆಯಾಡುವ ಮುದ್ದೆಯೂ ಬಿತ್ತು. ಸಾರು ಇನ್ನೂ ಆಚೆ ಸಾಲಿನಲ್ಲಿತ್ತು. ಜಗಳಕ್ಕೆ ಅಷ್ಟು ಬಿಡುವು ಧಾರಾಳ. ನನ್ನ ವಾಚು ನಾಡಿ ತೋರಿಸುವುದು ಬರೀ ಬೂಟಾಟಿಕೆ ಎಂದು ಭಾವಮೈದ ಶುರುಮಾಡಿದ. ‘ಯಾವುದ್ಕೆ ಕಟ್ಟಿದ್ರೂ ತೋರುಸ್ತದೆ. ತತ್ತಾ ಇಲ್ಲಿ’ ಎಂದವನೇ ನನ್ನ ಕೈಯಿಂದ ಬಿಚ್ಚಿ, ನನ್ನ ಎಲೆಯ ಮೇಲಿದ್ದ ಮುದ್ದೆಗೆ ಕಟ್ಟಿಬಿಟ್ಟ. ಪಟ್ಟಿ ಸರಿಯಾಗಿ ಕೂತಿತು. ಮುದ್ದೆಯ ಸುತ್ತಳತೆ ನನ್ನ ಮುಂಗೈಯದಕ್ಕಿಂತ ದೊಡ್ಡದು, ಕೊನೆಯ ತೂತಿಗೆ ಸಿಕ್ಕಿಸಬೇಕಾಯಿತು.

ತಳದಲ್ಲಿ ಹಸಿರು ಬೆಳಕು ಮಿನುಗತೊಡಗಿತು. ದೇವರ ಮುಂದಿನ ದೀಪ ನೋಡುವ ಭಕ್ತಿಯಲ್ಲಿ ಸಾಲಿಗೆ ಸಾಲೇ ಬಗ್ಗಿತು. ಮೊದಲು ಅಡ್ಡಗೀಟು. ಆಮೇಲೆ 71. ಆಮೇಲೆ 78. ಕೊನೆಗೆ 84ಕ್ಕೆ ಬಂದು ನಿಂತಿತು.

‘ಬಡೀತಾ ಐತೆ!’ ಎಂದು ಒಂದು ಹುಡುಗ ಕೂಗಿದ.

ಅಡುಗೆಯವನಿಗೆ ಹೇಳಿ ಕಳಿಸಲಾಯಿತು. ಅವನು ಮುದ್ದೆ ಕೋಲನ್ನು ಕೈಯಲ್ಲೇ ಹಿಡಿದುಕೊಂಡು ಬಂದು, ನೋಡಿ, ಅಚ್ಚರಿಯನ್ನೇನೂ ಪಡಲಿಲ್ಲ. ‘ನಾನ್ ತೊಳ್ಸಿದ್ ಮುದ್ದೆ ಕಣಣ್ಣೋ, ಜೀವ ಇರ್ದೆ ಏನ್ಮಾಡ್ತದೆ?’ ಎಂದು ಒಳಗೆ ಹೋದ. ಯಾರೋ ಆಮ್ಲಜನಕ ನೋಡಿ ಅಂದರು. ನೋಡಿದೆವು, 97. ಬೀಗರ ಕಡೆಯ ಹಿರಿಯರೊಬ್ಬರು ‘ನಿಂದೆಷ್ಟಪ್ಪ?’ ಎಂದು ಕೇಳಿದರು. ಬೆಳಿಗ್ಗೆ ನೋಡಿಕೊಂಡಿದ್ದೆ, 96. ಎಲೆಯ ಮುಂದೆ ಕೂತ ನನಗಿಂತ ಎಲೆಯ ಮೇಲಿದ್ದುದು ಗಟ್ಟಿಯಾಗಿದೆ ಎಂದು ತೀರ್ಮಾನವಾಯಿತು. ಮಾನಸಿಕ ಒತ್ತಡ: ಕಡಿಮೆ. ಅಷ್ಟರಲ್ಲಿ ವಾಚು ತಾನಾಗಿ ನಡುಗಿತು. ಬಹಳ ಹೊತ್ತಿನಿಂದ ಕೂತೇ ಇದ್ದೀರಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ ಎಂದು ಇಂಗ್ಲಿಷಿನಲ್ಲಿ ಮುದ್ದೆಗೆ ಬುದ್ಧಿ ಹೇಳಿತು. ಮುದ್ದೆ ಕೇಳಲಿಲ್ಲ. ನಡುಗಿದ ಏಟಿಗೆ ನಾಡಿ ಮಾತ್ರ 112ಕ್ಕೆ ಏರಿತು. ‘ಸಾರು ಹತ್ರಕ್ಕೆ ಬತ್ತಾ ಐತಲ್ಲ, ಅದ್ಕೆ ಗೊತ್ತಾಗೈತೆ’ ಎಂದರು ಹಿರಿಯರು.

ಇದರಲ್ಲಿ ಪವಾಡವೇನಿಲ್ಲ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಎದೆ ಬಡಿದಾಗಲೆಲ್ಲ ಮುಂಗೈಯಲ್ಲಿ ರಕ್ತ ಉಕ್ಕಿ, ವಾಪಸು ಬರುವ ಬೆಳಕು ಒಂದಿಷ್ಟು ಕುಗ್ಗುತ್ತದೆ. ವಾಚು ಎಣಿಸುವುದು ಆ ಏರಿಳಿತವನ್ನೇ ಹೊರತು ಎದೆಯನ್ನಲ್ಲ. ಏರಿಳಿತ ಹೇಗೋ ಎಲ್ಲಿಂದಲೋ ಸಿಕ್ಕಿದರೂ ಅದಕ್ಕೊಂದು ತಾಳ ಹುಡುಕಿಬಿಡುತ್ತದೆ. ಟಿಶ್ಯೂ ಪೇಪರಿನ ಸುರುಳಿಗೆ ಕಟ್ಟಿ ನಾಡಿ ಹಿಡಿದವರೂ ಲೋಕದಲ್ಲಿದ್ದಾರೆ. ನಾನಿದನ್ನು ವಿವರಿಸಲು ಎದ್ದು ನಿಂತೆ. ಯಾರಿಗೂ ಬೇಕಿರಲಿಲ್ಲ.

ಈಗ ಭಾವಮೈದನ ಸರದಿ. ತನ್ನ ದುಂಡಗಿನದನ್ನು ಅದೇ ಮುದ್ದೆಗೆ ಕಟ್ಟಿದ. ಅಡ್ಡಗೀಟು. ಮತ್ತೆ ಅಡ್ಡಗೀಟು. ‘ನೋಡ್ದ್ರಾ? ನಂದು ಸುಳ್ಳೇಳಲ್ಲ’ ಎಂದು ಎದೆಯುಬ್ಬಿಸಿ ತನ್ನ ಕೈಗೆ ಕಟ್ಟಿಕೊಂಡ. ಅಲ್ಲೂ ಅಡ್ಡಗೀಟು. ಬಿಗಿಮಾಡಿದ, ಒರೆಸಿದ, ಕೈ ಬದಲಿಸಿದ. ಅಡ್ಡಗೀಟೇ. ತಳದ ಗಾಜಿಗೆ ರಾಗಿ ಮೆತ್ತಿಕೊಂಡಿತ್ತೆಂದು ಆಮೇಲೆ ಗೊತ್ತಾಯಿತು. ಆಗ ಗೊತ್ತಿದ್ದದ್ದು ಇಷ್ಟೇ: ಚೌಕದ ಪ್ರಕಾರ ಮುದ್ದೆ ಬದುಕಿದೆ, ದುಂಡಗಿನದರ ಪ್ರಕಾರ ಭಾವಮೈದ ಇಲ್ಲ. ನಾನು ತಂಗಿಯ ಕಡೆ ಕನಿಕರದಿಂದ ನೋಡಿದೆ.

ನಗು ಇಳಿಯುವ ಹೊತ್ತಿಗೆ, ಹೆಂಗಸರ ಸಾಲಿನಲ್ಲಿ ಕೂತಿದ್ದ ಚಿಕ್ಕಮ್ಮ, ‘ಮುದ್ದೇಲಿ ಬಡಿದ್ರೆ ಇಷ್ಟೊಂದು ಜನ ಬಗ್ಗಿ ನೋಡ್ತೀರಿ’ ಎಂದರು. ಅಷ್ಟೇ ಅಂದದ್ದು. 2023ರ ಕೊನೆಯಲ್ಲಿ ನಮ್ಮದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲ ಬಯಲಾಗಿತ್ತು. ಬೆಲ್ಲ ಕಾಯುವ ಜಾಗ. ಆ ಯಂತ್ರವೂ ಬಡಿತ ಹುಡುಕುವುದೇ, ಸರಿಯಾಗಿಯೇ ಹುಡುಕುತ್ತಿತ್ತು. ಹೆಣ್ಣೆಂದು ಗೊತ್ತಾದ ಮೇಲೆ ಆ ಬಡಿತ ಯಾರಿಗೂ ಬೇಕಾಗುತ್ತಿರಲಿಲ್ಲ. ಚಿಕ್ಕಮ್ಮನ ಸಾಲಿನಲ್ಲಿ ಯಾರೂ ಮಾತಾಡಲಿಲ್ಲ, ನಮ್ಮ ಸಾಲಿನಲ್ಲಿ ಎಲ್ಲರಿಗೂ ಒಟ್ಟಿಗೇ ಈರುಳ್ಳಿ ನೆನಪಾಯಿತು. ನಾನು ಮುದ್ದೆಗೆ ಕಟ್ಟಿದ್ದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಸಾರು ಬಂತು. ಉಂಡೆವು. 84 ಬಡಿದ ಮುದ್ದೆಯನ್ನು ನಾನೇ ಉಂಡೆ, ಚೆನ್ನಾಗಿಯೇ ಇತ್ತು.

ಎಲೆಅಡಿಕೆಯ ಹೊತ್ತಿಗೆ ಹಿರಿಯರು ಮೆಲ್ಲಗೆ, ‘ಅದಿರ್ಲಿ, ಕಟ್ಟೆ ಎಷ್ಟಡಿ ಐತಂತೆ?’ ಎಂದರು. ಮಳೆಗಾಲದಲ್ಲಿ ನಮ್ಮ ಜಿಲ್ಲೆಯವರಿಗೆ ತಿಳಿಯಬೇಕಾದ ಅಂಕಿ ಇದೊಂದೇ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎನ್ನುವುದು ಮಗ್ಗಿ ಬಾರದ ಮಕ್ಕಳಿಗೂ ಬರುತ್ತದೆ. ಮೂರು ಪಂಥದ ಮೂರು ವಾಚುಗಳೂ ಒಂದೇ ಸಲ ಬೆಳಗಿದವು. ನನ್ನ ಹೆಜ್ಜೆ ಹೇಳಿತು ಒಂದು, ಭಾವಮೈದನ ನಿದ್ದೆ ಹೇಳಿತು ಇನ್ನೊಂದು, ಷಡ್ಡಕರದು ಇನ್ನೂ ಒಂಬತ್ತು ದಿನ ಚಾರ್ಜು ಉಳಿದಿದೆ ಎಂದಿತು. ಕಟ್ಟೆಯ ಸುದ್ದಿ ಮೂರಕ್ಕೂ ಇಲ್ಲ. ಹಿರಿಯರು ಎಲೆಅಡಿಕೆ ಸುತ್ತಿಕೊಟ್ಟಿದ್ದ ಪೇಪರನ್ನು ಬಿಡಿಸಿ, ಸುಣ್ಣದ ಕಲೆಯನ್ನು ಉಗುರಿನಿಂದ ಕೆರೆದು, ಒಳಹರಿವು ಹೊರಹರಿವು ಸಮೇತ ಓದಿಕೊಂಡರು.

ಮುಖದ ಮೇಲೆ ಕಟ್ಟೆಯ ಮಟ್ಟ ತೋರಿಸುವ ವಾಚನ್ನು ಯಾವ ಕಂಪನಿ ಮಾಡಿದರೂ ನಾಲ್ಕು ತಾಲ್ಲೂಕು ಒಟ್ಟಿಗೆ ಕೊಳ್ಳುತ್ತದೆ ಎಂದೆ. ಎಲ್ಲರೂ ಒಪ್ಪಿ ತಲೆದೂಗಿದರು. ಭಾವಮೈದನೂ ದೂಗಿದ. ದೂಗಿ, ‘ಆದ್ರೆ ದುಂಡುಗಿರ್ಬೇಕು. ನೀರು ಸುತ್ತ ತುಂಬ್ಕೊಂಡ್ ಬರೋದು ಅದ್ರಲ್ಲೇ ಚೆಂದ’ ಎಂದ.

ದಶಮಾಂಶ ಸಮೇತ 124.80 ಹಿಡಿಸಬೇಕಾದರೆ ಅಗಲ ಬೇಕು ಕಣಯ್ಯ ಎಂದು ನಾನು ಪಂಚೆ ಎತ್ತಿ ಕಟ್ಟಿದೆ. ಷಡ್ಡಕರು, ‘ಮೊದ್ಲು ಚಾರ್ಜಿಂದು ಮಾತಾಡಿ’ ಎಂದು ಕುರ್ಚಿ ಎಳೆದುಕೊಂಡರು.